ನೆನೆಹಾಕಿದ ನಕ್ಷೆ

4 ಫೆಬ್ರವರಿ 1957, ಸೋಮವಾರ. ಚಾಮರಾಜನಗರ

ಬೆಳಿಗ್ಗೆಯಿಂದ ನಕ್ಷೆಗೆ ಗೆರೆ ಎಳೆಯುವ ರೂಲಿಂಗ್ ಪೆನ್ನಿನದು ಒಂದೇ ಹಟ. ಎರಡು ಅಲಗಿನ ನಡುವೆ ಇಂಕು ಒಣಗಿ ಕೂತುಬಿಡುತ್ತದೆ. ತೆಗೆ, ಒರೆಸು, ಮತ್ತೆ ತುಂಬು, ಸ್ಕ್ರೂ ತಿರುಗಿಸು. ಮೊದಲ ಗೆರೆ ಸಣ್ಣ, ಎರಡನೆಯದು ದಪ್ಪ. ಥತ್, ಎಸೆದುಬಿಡೋಣ ಅನ್ನಿಸಿತು.

ಹೆಡ್ ಡ್ರಾಫ್ಟ್ಸ್‌ಮನ್ ಮಹದೇವಪ್ಪನವರು ಬೆನ್ನ ಹಿಂದೆ ಬಂದು ನಿಂತಿದ್ದರು. "ಲೋ ರಾಚಾ, ಪೆನ್ನಿನ ಮೇಲೆ ಯಾಕೋ ಸಿಟ್ಟು? ಗೆರೆ ಮಧ್ಯದಲ್ಲಿ ಉಸಿರು ಬಿಡ್ತೀಯ, ಅದಕ್ಕೇ ಕೈ ಅಲ್ಲಾಡೋದು. ಮುಗಿಯೋ ಗಂಟ ಹಿಡಿದುಕೋ" ಅಂದರು. ಹಿಡಿದೆ. ನೆಟ್ಟಗೆ ಬಂತು. ಮುದುಕನಿಗೆ ಎಲ್ಲ ಗೊತ್ತು, ಅದೇ ಇನ್ನೂ ಸಿಟ್ಟು.

ದೆಹಲಿಯಿಂದ ಸ್ಟ್ಯಾಂಡರ್ಡ್ ಪುಸ್ತಕ ಬಂದಿದೆ. ಇಡೀ ದೇಶಕ್ಕೆ ಒಂದೇ ತರಹದ ಗೆರೆ ಇರಬೇಕಂತೆ. ಹೊರಗೆರೆ ದಪ್ಪ, ಅಳತೆಯ ಗೆರೆ ಸಣ್ಣ, ಒಳಗೆ ಮರೆಯಾಗಿರುವುದಕ್ಕೆ ತುಂಡು ತುಂಡು ಗೆರೆ. ಬಾಣದ ತುದಿ ಎಷ್ಟು ಅಗಲವೋ ಅದರ ಮೂರರಷ್ಟು ಉದ್ದ. ಓದಿ ನನಗೆ ಖುಷಿಯಾಯಿತು. ಹೀಗೆ ಅಂದರೆ ಹೀಗೇ. ಲೋಕದಲ್ಲಿ ಎಲ್ಲವೂ ಹಾಗಿದ್ದಿದ್ದರೆ! ಮಹದೇವಪ್ಪನವರು ಮಾತ್ರ "ಹುಟ್ಟಿದಾಗಿನಿಂದ ಬಾಣ ಬಿಡ್ತಾ ಇದೀನಿ, ಈಗ ಇವರು ಹೇಳಿಕೊಡ್ತಾರೆ" ಎಂದು ಗೊಣಗಿದರು.

ಸಂಜೆ ವೇಸ್ಟ್ ಹಂಚಿದರು. ಕ್ಯಾನ್ಸಲ್ ಆದ ನಕ್ಷೆಗಳ ಟ್ರೇಸಿಂಗ್ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ದೊಡ್ಡ ಅಡ್ಡಗೆರೆ ಎಳೆದು ನಮಗೇ ಕೊಟ್ಟುಬಿಡುವುದು ಇಲ್ಲಿನ ಪದ್ಧತಿ. ಟ್ರೇಸಿಂಗ್ ಬಟ್ಟೆ ಅಂದರೆ ಗಂಜಿ ಹಾಕಿ ಗಾಜಿನಂತೆ ಮಾಡಿದ ಹತ್ತಿಬಟ್ಟೆ. ಬಿಸಿನೀರಿನಲ್ಲಿ ನೆನೆಹಾಕಿದರೆ ಗಂಜಿ ಬಿಟ್ಟುಕೊಳ್ಳುತ್ತದೆ, ಅದರ ಜೊತೆ ಇಂಕೂ ಹೋಗುತ್ತದೆ. ಉಳಿದದ್ದು ಬೆಣ್ಣೆಯಂಥ ಬಟ್ಟೆ. ನಮ್ಮ ಆಫೀಸಿನವರ ಜೇಬಿನ ಕರ್ಚೀಫೆಲ್ಲ ಒಂದು ಕಾಲಕ್ಕೆ ತೂಬು, ಸೇತುವೆ, ಮೋರಿ.

ಎರಡು ಸುರುಳಿ ಮನೆಗೆ ತಂದೆ. ಬಸುರಿ ಹೆಂಡತಿ ಮಲ್ಲಾಜಿ ಕೈಗೆ ಕೊಟ್ಟರೆ ಮುಖ ಅರಳಿತು. ಹುಟ್ಟುವ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವಂತಿಲ್ಲ, ಮೆತ್ತಗಿನ ಹಳೆಯದೇ ಆಗಬೇಕು. "ಇನ್ನೂ ಒಂದೆಲ್ಡ್ ತನ್ನಿ. ಅಂಗಿ ಜೊತ್ಗೆ ಕುಲಾವಿನೂ ಒಲ್ದ್‌ಬುಡ್ತೀನಿ" ಅಂದಳು.

ಹೋದ ವರ್ಷದ್ದು ಬರೆಯಬಾರದು ಅಂದುಕೊಂಡಿದ್ದೆ. ಗಂಡುಕೂಸು. ಮೂರು ತಿಂಗಳು ತುಂಬಿತ್ತು. ಜ್ವರ ಬಂತು, ಬೆಳಗಾಗುವುದರೊಳಗೆ ಅವಳ ತೊಡೆಯ ಮೇಲೇ ಹೋಯಿತು. ನಾನು ಆವತ್ತು ಊರಿಗೆ, ಕುದೇರಿಗೆ ಹೋಗಿದ್ದೆ. ಬಂದಾಗ ಎಲ್ಲ ಮುಗಿದಿತ್ತು. ಅವಳು ಆಮೇಲೆ ಅದರ ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ.

10 ಫೆಬ್ರವರಿ, ಭಾನುವಾರ

ಮಹದೇವಪ್ಪನವರು ಮನೆಗೇ ಬಂದರು. ಮೈಸೂರು ಆಫೀಸಿನಲ್ಲಿ ಒಂದು ಡ್ರಾಫ್ಟ್ಸ್‌ಮನ್ ಜಾಗ ಖಾಲಿ. ಸ್ವಂತ ಕೈಯಲ್ಲಿ ಬರೆದು ಇಂಕ್ ಮಾಡಿದ ಒಂದು ಶೀಟು ಕಳಿಸಬೇಕು. ಹದಿನೈದನೇ ಮಾರ್ಚ್ ಕೊನೆ. ಶೀಟು ನೋಡಿಯೇ ಆರಿಸುತ್ತಾರಂತೆ.

"ನಿಂದು ಟೆಂಪರರಿ ಕೆಲಸ. ಈ ರಸ್ತೆ ಮುಗಿದ ಮೇಲೆ ಟ್ರೇಸರ್ ಯಾತಕ್ಕೆ ಅಂತಾರೆ. ಆಮೇಲೆ ಕುದೇರಿಗೆ ಹೋಗಿ ಗುದ್ದಲಿ ಹಿಡೀತೀಯ?" ಅಂದರು. ಗುದ್ದಲಿ ಹಿಡಿಯುವುದಕ್ಕೆ ನಾಚಿಕೆ ಇಲ್ಲ. ಅಪ್ಪ ಹಿಡಿದೇ ಸಾಕಿದರು. ಆದರೆ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ. ಮೈಸೂರಿನಲ್ಲಿ ದೊಡ್ಡಾಸ್ಪತ್ರೆ ಇದೆ. ಈ ಸಲ ಹೆರಿಗೆ ಅಲ್ಲೇ ಆಗಬೇಕು. ಜ್ವರ ಬಂದರೆ ಓಡಿಹೋಗುವಷ್ಟು ಹತ್ತಿರ ಡಾಕ್ಟರು ಇರಬೇಕು.

ಪುಣಜನೂರು ರಸ್ತೆಯ ಮೋರಿಯನ್ನೇ ಬರೆಯುವುದು ಎಂದು ಗೊತ್ತಾಯಿತು. ಮೂರು ಕಮಾನಿನದು. ಪ್ಲಾನ್, ಎಲಿವೇಶನ್, ಸೆಕ್ಷನ್ — ಮೇಲಿನ ನೋಟ, ಎದುರಿನ ನೋಟ, ಸೀಳುನೋಟ ಮೂರೂ. ಮಹದೇವಪ್ಪನವರು ತಮ್ಮ ಬೀರುವಿನಿಂದ ಹೊಸ ಟ್ರೇಸಿಂಗ್ ಬಟ್ಟೆಯನ್ನೇ ಕೊಟ್ಟರು. "ಹಾಳು ಮಾಡಿದರೆ ನಿನ್ನ ಚರ್ಮ ಸುಲೀತೀನಿ" ಅಂದರು. ಹೋಗುವಾಗ ಮಲ್ಲಾಜಿ ಕಾಫಿ ಕೊಟ್ಟಳು. "ಏನಮ್ಮಾ, ಮೈಸೂರಿಗೆ ಹೋಗ್ತೀರಂತೆ" ಎಂದು ಅವಳನ್ನೇ ಕೇಳಿದರು. ಅವಳು ನನ್ನ ಕಡೆ ನೋಡಿ ನಕ್ಕಳು.

19 ಫೆಬ್ರವರಿ, ಮಂಗಳವಾರ

ಬೆಳಕು ಹರಿದ ಕೂಡಲೇ ಬೋರ್ಡು ಕಿಟಕಿಗೆ ಎಳೆದುಕೊಂಡು ಕೂರುವುದು. ಆಫೀಸಿನ ಹೊತ್ತಿನವರೆಗೆ ಕೆಲಸ. ಮೊದಲು ಕಾಗದದ ಮೇಲೆ ಪೆನ್ಸಿಲ್ಲು, ಎಂಟು ಅಡಿಗೆ ಒಂದು ಇಂಚು. ಟಿ-ಸ್ಕ್ವೇರು ಬೋರ್ಡಿನ ಎಡ ಅಂಚಿಗೆ ಬಿಗಿಯಾಗಿ ಕೂತಿರಬೇಕು, ಅದು ಕೂದಲೆಳೆ ಸರಿದರೂ ಎಲ್ಲ ಕೆಟ್ಟಿತು. ನಿನ್ನೆ ಪೆನ್ಸಿಲ್ಲು ಮುಗಿಯಿತು. ಇವತ್ತು ಮೇಲೆ ಬಟ್ಟೆ ಬಿಗಿದೆ. ಫ್ರೆಂಚ್ ಚಾಕ್ ಪುಡಿ ಉಜ್ಜಿ ಒರೆಸಿದೆ, ಇಲ್ಲದಿದ್ದರೆ ಇಂಕು ಹಿಡಿಯುವುದಿಲ್ಲ. ಒಂದು ಹನಿ ಬೆವರು ಬಿದ್ದರೂ ಕಲೆ. ತಲೆಗೆ ಟವೆಲ್ ಕಟ್ಟಿಕೊಂಡು ಕೂತೆ. ಮಲ್ಲಾಜಿಗೆ ನಗುವೋ ನಗು. "ರಾಗಿ ಬಡಿಯಕ್ಕೆ ಒಂಟಂಗೆ ಇದ್ದೀರಿ."

ಪಕ್ಕದಲ್ಲಿ ಕೂತು ಬೀಸಣಿಗೆಯಲ್ಲಿ ಗಾಳಿ ಹಾಕಿದಳು. ಚಾಕ್ ಪುಡಿ ಹಾರುತ್ತದೆ, ಬೇಡ ಅಂದೆ. ನಿಲ್ಲಿಸಿ ನೋಡುತ್ತಾ ಕೂತಳು.

"ಈ ತುಂಡ್ ತುಂಡ್ ಗೆರೆ ಯಾಕೆ? ಇಂಕು ಸಾಲಾಕಿಲ್ವ?"

"ಅದು ಒಳಗಿರೋದು. ಮಣ್ಣಿನಡಿಯ ಪಾಯ. ಇದೆ, ಆದರೆ ಹೊರಗೆ ಕಾಣಲ್ಲ. ಕಾಣದ್ದನ್ನ ಹೀಗೆ ತೋರಿಸಬೇಕು."

ಅವಳು ತನ್ನ ಹೊಟ್ಟೆ ಮುಟ್ಟಿಕೊಂಡಳು. "ಅಂಗಾದ್ರೆ ನನ್ನ ಬರುದ್ರೆ ಇಲ್ಲಿ ತುಂಡ್ ಗೆರೇಲಿ ಒಂದು ಕೂಸ ಬರೀಬೇಕು ಅನ್ನಿ."

ಪೆನ್ನು ಕೆಳಗಿಟ್ಟು ನಕ್ಕೆ. ಈ ಪುಸ್ತಕ ಬರೆದ ದೆಹಲಿಯವನಿಗೂ ಹೊಳೆದಿರಲಿಕ್ಕಿಲ್ಲ. ಆಫೀಸಿಗೆ ತಡವಾಗಿ ಹೋದೆ.

7 ಮಾರ್ಚ್, ಗುರುವಾರ

ಇನ್ನು ಉತ್ತರ ದಿಕ್ಕಿನ ಬಾಣ, ಬಲಗಡೆ ಕೆಳಮೂಲೆಯ ಹೆಸರಿನ ಚೌಕ — ಅಷ್ಟೇ ಬಾಕಿ. ನನ್ನ ಕೈ ಇಷ್ಟು ಚೆನ್ನಾಗಿ ಎಂದೂ ಕೂತಿರಲಿಲ್ಲ. ಕಮಾನಿನ ಬಾಗುಗೆರೆಗೆ ನೆಟ್ಟನೆಯ ಗೆರೆ ಬಂದು ಸೇರುವ ಕಡೆ ಗಂಟೇ ಇಲ್ಲ, ಬೆರಳಿಟ್ಟರೂ ಗೊತ್ತಾಗುವುದಿಲ್ಲ. ನನಗೇ ದೃಷ್ಟಿ ತಾಗೀತು.

ಶೀಟನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ. ವೇಸ್ಟ್ ಎರಡು ಹೊಸದಾಗಿ ಸಿಕ್ಕಿವೆ. ಅವು ಬಾಗಿಲ ಮೂಲೆಯಲ್ಲಿ. "ಮೂಲೇದನ್ನ ಯಾವಾಗ ಬೇಕಾದ್ರೂ ನೆನೆಹಾಕು, ಅಟ್ಟದ್ದನ್ನ ಮುಟ್ಟಬೇಡ" ಎಂದು ಹೇಳಿದ್ದೇನೆ.

8 ಮಾರ್ಚ್, ಶುಕ್ರವಾರ. ಸಂಜೆ

ಹೋಯಿತು. ನನ್ನ ಶೀಟು ಹೋಯಿತು.

ಆಫೀಸಿನಿಂದ ಬಂದರೆ ಹಿತ್ತಲ ಹಗ್ಗದ ಮೇಲೆ ಒಣಗುತ್ತಿದೆ. ಬೆಳ್ಳಗೆ. ಹತ್ತಿರ ಹೋಗಿ ನೋಡಿದೆ — ಮೂಲೆಯಲ್ಲಿ ಬೆಳಿಗ್ಗೆ ತಾನೇ ಬರೆದ ಉತ್ತರದ ಬಾಣ, ನೀರಿನಲ್ಲಿ ಹೊಗೆಯ ಹಾಗೆ. ಉಳಿದದ್ದೆಲ್ಲ ಬರೀ ಬಟ್ಟೆ.

"ಯಾರು ಹೇಳಿದ್ದು ಅಟ್ಟದ್ದು ತೆಗೀ ಅಂತ?"

"ಅಟ್ಟುದ್ದ ನಾನ್ಯಾಕ್ ಮುಟ್ಲಿ? ಮೂಲೇಲಿದ್ದುದ್ನೇ ನೆನೆಹಾಕ್ದೆ. ಮಾದಪ್ಪನಾಣೆ."

"ಸುಳ್ಳು ಬೇರೆ!"

ಏನೇನು ಅಂದೆನೋ. ಪಕ್ಕದ ಮನೆ ಚಿಕ್ಕಮಲ್ಲಮ್ಮ ಗೋಡೆಯ ಮೇಲಿಂದ ಇಣುಕಿದರು, "ಬಸುರಿ ಎಂಗ್ಸು ಕಣಪ್ಪ, ಮೆತ್ಗೆ" ಅಂದರು. ಅದಕ್ಕೂ ರೇಗಿದೆ. ಚಿಕ್ಕಮಲ್ಲಮ್ಮ ಒಳಗೆ ಹೋದ ಮೇಲೆ ಅಂದದ್ದು ಅದು: "ನಿನ್ನ ಕೈ ಸೋಕಿದ್ದು ಒಂದಾದರೂ ಉಳಿದಿದೆಯೇನೆ?"

ಮಲ್ಲಾಜಿ ತನ್ನ ಕೈ ನೋಡಿಕೊಂಡಳು. ಆಮೇಲೆ ಬಟ್ಟೆ ಹಗ್ಗದಿಂದ ತೆಗೆಯಲು ಹೋದವಳು, ತೆಗೆಯದೆ ಒಳಗೆ ಹೋದಳು.

ಅಂದದ್ದು ಅಂದಾಯಿತು. ಸಿಟ್ಟಿನಲ್ಲಿ ಯಾರು ಅನ್ನುವುದಿಲ್ಲ? ಒಂದು ತಿಂಗಳ ಕೆಲಸ. ಮೈಸೂರು ಹೋಯಿತು.

9 ಮಾರ್ಚ್, ಶನಿವಾರ

ಎದ್ದಾಗ ಮಲ್ಲಾಜಿ ಮನೆಯಲ್ಲಿಲ್ಲ. ಚಿಕ್ಕಮಲ್ಲಮ್ಮ ಬಸ್ ಹತ್ತಿಸಿ ಬಂದರಂತೆ. ಗುಂಡ್ಲುಪೇಟೆಗೆ ಹೋಗಿ ಅಲ್ಲಿಂದ ಹಂಗಳ, ಅವಳ ತವರು. ಹೋಗಲಿ. ಎರಡು ದಿನ ಇದ್ದು ಬರುತ್ತಾಳೆ.

ಮಹದೇವಪ್ಪನವರಿಗೆ ಹೇಳಿದೆ. ಚರ್ಮ ಸುಲಿಯುತ್ತಾರೆ ಅಂದುಕೊಂಡಿದ್ದೆ. ಬಿದ್ದು ಬಿದ್ದು ನಕ್ಕರು! "ನಮ್ಮನೆಯವಳೂ ಹೊಸದರಲ್ಲಿ ಒಂದು ತೂಬಿನ ನಕ್ಷೆ ಒಗೆದು ಹರವಿದ್ದಳು ಕಣೋ. ಸಾಹೇಬರ ಸೈನ್ ಆಗಿತ್ತು! ಇಬ್ಬರೂ ಹಿತ್ತಲಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು." ಮತ್ತೊಂದು ತುಂಡು ಬಟ್ಟೆ ತೆಗೆದುಕೊಟ್ಟರು. "ಪೆನ್ಸಿಲ್ ಡ್ರಾಯಿಂಗ್ ಇದೆಯಲ್ಲ, ಮೇಲೆ ಎಳೆಯೋದು ತಾನೇ. ರಜ ಹಾಕಿ ಕೂತುಕೋ."

ಪೆನ್ಸಿಲ್ಲಿನದು ಇತ್ತು. ಹೌದು. ನಿನ್ನೆ ನನಗೆ ಅದು ಹೊಳೆಯಲೇ ಇಲ್ಲ.

15 ಮಾರ್ಚ್, ಶುಕ್ರವಾರ

ಶೀಟು ಹೋಯಿತು, ಮೈಸೂರಿಗೆ. ಮೊದಲಿನಷ್ಟು ಇಲ್ಲ, ಆದರೂ ಪರವಾಗಿಲ್ಲ. ಒಂದು ಕಮಾನಿನಲ್ಲಿ ಗೆರೆ ದಪ್ಪವಾಗಿದೆ.

ಕಳಿಸುವ ಮೊದಲು ಮೇಲೆ ಸುತ್ತಲು ಕಾಗದ ಬೇಕಾಗಿತ್ತು. ಅಟ್ಟದ ಮೇಲೆ ನ್ಯೂಸ್‌ಪೇಪರಿನ ಸುರುಳಿ ಹಾಗೇ ಇತ್ತು. ಬಿಚ್ಚಿದೆ. ಒಳಗೆ ಕೆಂಪು ಅಡ್ಡಗೆರೆ. ವೇಸ್ಟು.

ಆವತ್ತು ಬೆಳಿಗ್ಗೆ ಬಾಣ ಬರೆಯುವಾಗ ಹಳೆಯ ಶೀಟಿನ ಬಾಣ ಹೇಗಿದೆ ನೋಡೋಣ ಎಂದು ಮೂಲೆಯ ಸುರುಳಿಯನ್ನೂ ಬಿಚ್ಚಿದ್ದೆ. ಹೊತ್ತಾಯಿತು. ಗಡಿಬಿಡಿಯಲ್ಲಿ ಸುತ್ತಿದೆ. ಸುತ್ತಿದ್ದು ನಾನು. ವೇಸ್ಟನ್ನು ಅಟ್ಟಕ್ಕೆ ಹಾಕಿದ್ದು ನಾನು. ಒಳ್ಳೆಯದನ್ನು ಮೂಲೆಗೆ ನಿಲ್ಲಿಸಿದ್ದೂ ನಾನೇ.

ಅವಳು ಹೇಳಿದ್ದು ನಿಜ. ಮಾದಪ್ಪನ ಮೇಲೆ ಆಣೆ ಇಟ್ಟು ಹೇಳಿದಳು. ಅದಕ್ಕೆ ನಾನು...

ವೇಸ್ಟನ್ನು ಮತ್ತೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದೆ.

24 ಮಾರ್ಚ್, ಭಾನುವಾರ. ಹಂಗಳ

ಕರೆದುಕೊಂಡು ಹೋಗಲು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

ಅತ್ತೆ ಮೂಗಮ್ಮ ಕಾಲಿಗೆ ನೀರು ಕೊಟ್ಟರು. "ಬನ್ನಿ ಅಳಿಯಂದಿರೇ. ಏನಾಯ್ತು ನಿಮ್ಮಿಬ್ರುಗೆ? ಬಾಯೇ ಬುಡಾಕಿಲ್ಲ ಇವಳು." ಮಲ್ಲಾಜಿಯ ಅಣ್ಣ ಚಿಕ್ಕಮಾದು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತದೆ ಕೇಳಿದ, "ಒಡುದ್ರಾ?"

"ಇಲ್ಲ ಭಾವ, ದೇವರಾಣೆ."

"ಮತ್ತೆ ಬಸುರಿ ಎಂಗ್ಸು ಒಬ್ಳೇ ಬಸ್ ಅತ್ಕಂಡು ಬಂದ್ಬುಟ್ಟವ್ಳಲ್ಲ?"

ಅವಳು ಯಾರಿಗೂ ಹೇಳಿಲ್ಲ. ನನ್ನ ಮಾನ ಉಳಿಸಿದ್ದಾಳೆ. ನಾನು "ಸಣ್ಣ ಮಾತು ಬಂತು" ಅಂದೆ. ಸಣ್ಣ ಮಾತು! ನನ್ನ ನಾಲಗೆಗಿಷ್ಟು ಬೆಂಕಿ ಹಾಕ.

ಅವಳು ಹಿತ್ತಲ ಕಲ್ಲಿನ ಮೇಲೆ ಕೂತಿದ್ದಳು. ಹೊಟ್ಟೆ ಇನ್ನೂ ಮುಂದೆ ಬಂದಿದೆ. ಹೋಗಿ ಹೇಳಿದೆ: ತಪ್ಪು ನನ್ನದೇ, ಸುರುಳಿ ಅದಲು ಬದಲು ಮಾಡಿದ್ದು ನಾನೇ, ನೀನು ಮೂಲೆಯದ್ದನ್ನೇ ತೆಗೆದದ್ದು. ಕೇಳಿದಳು. "ಸರಿ ಬುಡಿ. ಇನ್ನೊಂದ್ ಬರುದ್ರಾ?" ಅಂದಳು. ಬರೆದೆ ಅಂದೆ. "ಒಳ್ಳೇದಾಯ್ತು."

ನಡಿ ಹೋಗೋಣ ಅಂದೆ. "ಇಲ್ಲೇ ಇರ್ತೀನಿ. ಎರ್ಗೆ ಆಗೋಗಂಟ" ಅಂದಳು. ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿಯಬಹುದಿತ್ತು.

ಊಟಕ್ಕೆ ಅತ್ತೆಯೇ ಬಡಿಸಿದರು. "ಬಂದಾಗ್ಲಿಂದ ಒಲೆ ತಾವ್ಕೆ ಬರಾಕಿಲ್ಲ. ಅಸುವಿನ್ ಆಲು ಕರೆಯಾಕೂ ಒಲ್ಲೆ ಅಂತಾಳೆ. ಬಸುರಿ ಮೈ ಬಾರ, ಬುಡು ಅಂತ ಸುಮ್ಕಿದ್ದೀನಿ" ಅಂದರು. ನಾನೂ ಮೈಭಾರ ಅಂದುಕೊಂಡೆ.

22 ಏಪ್ರಿಲ್, ಸೋಮವಾರ. ಚಾಮರಾಜನಗರ

ಆರ್ಡರ್ ಬಂತು. ಡ್ರಾಫ್ಟ್ಸ್‌ಮನ್, ಮೈಸೂರು. ಮೊದಲನೇ ಮೇ ತಾರೀಕು ಸೇರಬೇಕು. ಆಫೀಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು, ಬೋಂಡ ತರಿಸಿದೆ.

ಎಲ್ಲರೂ ಹೋದ ಮೇಲೆ ಮಹದೇವಪ್ಪನವರು ಕೇಳಿದರು. "ಗೆದ್ದವನ ಮುಖ ಅಲ್ಲವಲ್ಲೋ ಇದು. ಹೆಂಡತಿ ಇನ್ನೂ ಬರಲಿಲ್ಲವೇ? ಏನಂದಿದ್ದೆ ಅಂಥಾದ್ದು?"

ಹೇಳಿದೆ. ಅಂದದ್ದನ್ನು ಅಂದ ಹಾಗೇ. ಅವರಿಗೆ ನಮ್ಮ ಮೊದಲ ಕೂಸಿನ ವಿಷಯ ಗೊತ್ತು, ಮಣ್ಣಿಗೆ ಬಂದಿದ್ದರು.

ನಗುತ್ತಾರೆ ಅಂದುಕೊಂಡೆನೋ ಏನೋ. ನಗಲಿಲ್ಲ. ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು. "ಅಯ್ಯೋ ಮಾರಾಯ. ಎಲ್ಲಿ ಕಲಿತೆಯೋ ಆ ಮಾತನ್ನ?" ಅಂದರು. ಜವಾನ ಬಂದು ಬಾಗಿಲು ಹಾಕಬೇಕು ಅಂದ.

ನನಗೆ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

5 ಜೂನ್, ಬುಧವಾರ. ಮೈಸೂರು

ಚಿಕ್ಕಮಾದು ಹುಡುಕಿಕೊಂಡು ಆಫೀಸಿಗೇ ಬಂದ. ಕೈಯಲ್ಲಿ ಬೆಲ್ಲದ ಅಚ್ಚು. "ಎಣ್ಣುಕೂಸು. ಇಬ್ರೂ ಉಸಾರು" ಅಂದ. ಅಷ್ಟು ಜನರ ಎದುರಿಗೆ ಅತ್ತುಬಿಟ್ಟೆ. ಅವನ ಮುಖವೂ ಸ್ವಲ್ಪ ಸಡಿಲವಾಯಿತು. "ಬುಡಿ ಭಾವ, ಆದದ್ದಾಯ್ತು. ಬಂದು ನೋಡ್ಕಂಡೋಗಿ."

ದೊಡ್ಡಾಸ್ಪತ್ರೆ ಇಲ್ಲಿ ನನ್ನ ಕಿಟಕಿಗೇ ಕಾಣುತ್ತದೆ. ಹೆರಿಗೆ ಹಂಗಳದಲ್ಲಾಯಿತು.

9 ಜೂನ್, ಭಾನುವಾರ

ಹೋಗಿ ಬಂದೆ. ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ. ಅತ್ತೆ ಕೂಸನ್ನು ಹೊರಗೆ ತಂದು ತೋರಿಸಿದರು. ಮೂಗು ನಮ್ಮಮ್ಮನದು. ಮಲ್ಲಾಜಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು, ಬಾಗಿಲಿಂದ ಕಂಡಳು. ನಾನು ಕೂಸು ಹಿಡಿದಿದ್ದನ್ನೇ ನೋಡುತ್ತಿದ್ದಳು. ತುಟಿಯಲ್ಲಿ ಸ್ವಲ್ಪ ನಗೆ ಇತ್ತು. ಸದ್ಯ, ಮರೆತಳು ಅಂದುಕೊಂಡೆ.

14 ಜುಲೈ, ಭಾನುವಾರ. ಹಂಗಳ

ಮರೆತಿಲ್ಲ.

ಬೆಳಿಗ್ಗೆ ಬಂದೆ. ನಾನು ಅಂಗಳ ದಾಟುವುದರೊಳಗೆ ಅತ್ತೆ ಎದುರು ಬಂದು ದನದ ಕೊಟ್ಟಿಗೆಯ ಕಡೆ ಕರೆದುಕೊಂಡು ಹೋದರು. "ಅಳಿಯಂದಿರೇ, ಯಾರ್ ತಾವೂ ಏಳ್ಬೇಡಿ. ಅವಳು ಕೂಸ ಮುಟ್ಟಾಕಿಲ್ಲ."

ಅಂದರೆ?

"ಅಂದ್ರೆ ಮುಟ್ಟಾಕಿಲ್ಲ. ನೀರ್ ಉಯ್ಯೋದು ನಾನು, ಒರ್ಸೋದು ನಾನು, ತೂಗೋದು ನಾನು. ಆಲ್ ಕುಡ್ಸೋ ಒತ್ಗೆ ನಾನೇ ಎತ್ಕಂಡೋಗಿ ಎದೆಗೆ ಇಡ್ಕಬೇಕು. ಅವಳು ಕೈಯ ಸೆರಗೊಳಗೆ ಬಚ್ಚಿಟ್ಕತಾಳೆ. ಗಾಳಿ ಸೋಕ್ಯದೆ ಅಂತ ಮಾದಪ್ಪನ ಬೆಟ್ಟದ ತಾಯ್ತ ಕಟ್ಟುಸ್ದೆ. ಎಲ್ಲಾ ಆಯ್ತು. ಎತ್ತ ತಾಯಿ ಇಂಗ್ ಮಾಡ್ತಾಳಾ?"

ಆ ಗಾಳಿ ಯಾವುದು ಎಂದು ನನಗೊಬ್ಬನಿಗೇ ಗೊತ್ತು. ಒಲೆ ಮುಟ್ಟದಿದ್ದದ್ದು, ಹಸು ಮುಟ್ಟದಿದ್ದದ್ದು — ಮೈಭಾರವಂತೆ! ನಾಲ್ಕು ತಿಂಗಳಿಂದ ಅವಳು ಯಾವುದನ್ನೂ ಮುಟ್ಟಿಲ್ಲ.

ಒಳಗೆ ಹೋದೆ. ತೊಟ್ಟಿಲು ಒಂದು ಕಡೆ, ಅವಳು ಒಂದು ಕಡೆ. ಬಣ್ಣ ಬಿಳಿಚಿಕೊಂಡಿದೆ. ಎದುರಿಗೆ ಕೂತು ಕೈ ಮುಗಿದೆ. "ಮಲ್ಲಾಜಿ, ಸಿಟ್ಟಲ್ಲಿ ಅಂದೆ ಕಣೇ. ನನ್ನ ಬಾಯಿ ಸೇದಿಹೋಗಲಿ. ಬೇಕಾದರೆ ಕೆರದಲ್ಲಿ ಹೊಡಿ. ಕೂಸಿನ ಮೇಲೆ ಯಾಕೆ ತೀರಿಸಿಕೊಳ್ತೀಯ?"

ಅವಳಿಗೆ ಆಶ್ಚರ್ಯವಾಯಿತು. ನಿಜವಾಗಿ ಆಶ್ಚರ್ಯವಾಯಿತು.

"ನಿಮ್ ಮ್ಯಾಲೆ ನಂಗೇನ್ ಸಿಟ್ಟು? ನೀವು ಇರಾದ್ನೇ ಅಂದ್ರಿ. ಮೊದ್ಲುದು ನನ್ ತೊಡೆ ಮ್ಯಾಲೇ ತಾನೇ ಓಗಿದ್ದು. ಆ ರಾತ್ರಿಯೆಲ್ಲಾ ನಾನೇ ಸವರ್ತಿದ್ದೆ, ಅಣೆ, ಎದೆ, ಕಾಲು. ಈ ಕೈಲೇ." ಸೆರಗು ಸರಿಸಲಿಲ್ಲ. "ನಂಗ್ ಗೊತ್ತೇ ಇರ್ನಿಲ್ಲ. ನೀವ್ ಅಂದ್ಮೇಲೆ ಗೊತ್ತಾಯ್ತು. ಇದಾದ್ರೂ ಉಳೀಲಿ ಬುಡಿ."

ಶಿಕ್ಷೆ ಅಂದುಕೊಂಡಿದ್ದೆ. ಶಿಕ್ಷೆಯಲ್ಲ. ಕೂಸನ್ನು ಕಾಪಾಡುತ್ತಿದ್ದಾಳೆ. ತನ್ನಿಂದ.

ನಾನು ಏನೇನೋ ಹೇಳಿದೆ. ಜ್ವರಕ್ಕೆ ಹೋದದ್ದು, ಕೈಯಿಂದಲ್ಲ, ಆವತ್ತು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾದವನು ನಾನು, ಊರಿಗೆ ಹೋಗಿ ಕೂತಿದ್ದೆ, ಕೂಸು ಹೋಗಲಿಕ್ಕೆ ಕಾರಣ ಅಂದರೆ ನಾನು. ಎಲ್ಲದಕ್ಕೂ ತಲೆಯಾಡಿಸಿದಳು, ಚಿಕ್ಕ ಮಕ್ಕಳ ಮಾತಿಗೆ ಆಡಿಸುವಂತೆ. ಕೂಸು ಎದ್ದು ಅತ್ತಿತು. "ಎತ್ಕಳಿ. ನಿಮ್ ಕೈ ಒಳ್ಳೇದು" ಅಂದಳು.

15 ಜುಲೈ, ಸೋಮವಾರ

ಮೈಸೂರಿಗೆ ಹೋಗಲಿಲ್ಲ. ರಜಕ್ಕೂ ಬರೆದಿಲ್ಲ. ಏನಾದರೂ ಮಾಡಿಕೊಳ್ಳಲಿ.

ಇವತ್ತು ಅತ್ತೆಗೂ ಚಿಕ್ಕಮಾದುವಿಗೂ ಹೇಳಿದೆ. ನಾನು ಅಂದದ್ದು ಇದು, ಅವಳು ಕೈ ಬಚ್ಚಿಡುವುದು ಅದಕ್ಕೇ ಎಂದು. ಚಿಕ್ಕಮಾದು ಎದ್ದು ನಿಂತ. ಹೊಡೆಯುತ್ತಾನೆ ಅಂದುಕೊಂಡು ಕಾದೆ. ಎತ್ತು ಬಿಚ್ಚಿಕೊಂಡು ಹೊರಟುಹೋದ. ಸಂಜೆಯವರೆಗೂ ಮನೆಗೆ ಬರಲಿಲ್ಲ.

ಅತ್ತೆ ಎದೆ ಬಡಿದುಕೊಂಡರು. "ನಿನ್ ಬಾಯ್ಗೆ ಉಳ ಬೀಳಾ! ಎತ್ತೋಳ್ಗೆ ಅನ್ನೋ ಮಾತೇನ್ಲಾ ಅದು?" ಮದುವೆಯಾದ ಮೇಲೆ ಮೊದಲ ಸಲ ಏಕವಚನ. ಸರಿಯಾಗಿಯೇ ಇತ್ತು. ಕೆಟ್ಟದಾಗಿ ಬೈದು, ಅತ್ತು, ಮೂಗು ಒರೆಸಿಕೊಂಡು, ಆಮೇಲೆ ಮುದ್ದೆ ಇಕ್ಕಿದರು. "ಉಣ್ಣು" ಅಂದರು. ಉಂಡೆ.

ಮಲ್ಲಾಜಿಯ ಮುಂದೆ ಅತ್ತೆ ಕೂತು ಹೇಳಿದರು, ಬೈದರು, ಗೋಗರೆದರು. ಅವಳದು ಒಂದೇ ಮಾತು: "ನೀನೇ ಎತ್ಕೊ ಅವ್ವ."

16 ಜುಲೈ, ಮಂಗಳವಾರ. ಬೆಳಿಗ್ಗೆ

ಚಿಕ್ಕಮಾದು ಎತ್ತಿನ ಜೊತೆ ಮುಂಚೆಯೇ ಹೋದ. ಅತ್ತೆ ಈಗ ಹೊಲಕ್ಕೆ ಹೊರಟರು. ಹೊಸಿಲಲ್ಲಿ ನಿಂತು ನನಗೆ ಮಾತ್ರ ಕೇಳುವಂತೆ ಹೇಳಿದರು: "ಒಲುದ್ ತಾವ್ಕೆ ಓಯ್ತೀನಿ. ಮದ್ಯಾನ್ದ ಗಂಟ ಬರಾಕಿಲ್ಲ. ಕೂಸು ಅತ್ರೆ ನೀವೂ ಎತ್ಬೇಡಿ. ಎತ್ತುದ್ರೋ, ಈ ಬಾಗ್ಲ ತುಳೀಬೇಡಿ ಇನ್ಮುಂದೆ."

ತೊಟ್ಟಿಲ ಪಕ್ಕದಲ್ಲಿ ಕೂತಿದ್ದೇನೆ. ಕೈಗೆ ಕೆಲಸ ಬೇಕು ಎಂದು ಈ ಡೈರಿ ತೆಗೆದೆ. ಮಲ್ಲಾಜಿ ಅಡಿಗೆಮನೆಯ ಗೋಡೆಗೆ ಒರಗಿದ್ದಾಳೆ.

ಕೂಸು ಎದ್ದಿತು. ಮೊದಲು ಸಣ್ಣಗೆ. ಈಗ ಜೋರು.

"ಅಳ್ತಾದೆ" ಅಂದಳು. ಹೂಂ ಅಂದೆ. "ಅಸಿವಾಗ್ಯದೆ. ಎತ್ಕಂಡ್ ಬನ್ನಿ." ಬರೆಯುತ್ತಿದ್ದೇನೆ ಅಂದೆ. "ಅದೇನ್ ಬರೀತೀರಿ, ಕೂಸು ಬಾಯ್ ಬಡ್ಕತಿದ್ರೆ?" ಆಫೀಸಿನ ಕೆಲಸ ಅಂದೆ.

ಬರೆಯಲಿಕ್ಕೆ ಏನೂ ಇಲ್ಲ. ರಾಚಯ್ಯ, ಡ್ರಾಫ್ಟ್ಸ್‌ಮನ್, ಮೈಸೂರು. ರಾಚಯ್ಯ, ಡ್ರಾಫ್ಟ್ಸ್‌ಮನ್. ಹೊರಗೆರೆ ದಪ್ಪ. ಅಳತೆಯ ಗೆರೆ ಸಣ್ಣ. ಏನಾದರೂ ಬರೆಯಬೇಕು. ಪೆನ್ನು ಬಿಟ್ಟರೆ ನನ್ನ ಕೈ ತೊಟ್ಟಿಲಿಗೆ ಹೋಗುತ್ತದೆ. ಅತ್ತು ಅತ್ತು ಕೆಮ್ಮು ಬಂತು. ಮುಖ ಕೆಂಪಗಾಗಿದೆ. ಮಾದಪ್ಪಾ, ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಇದೂ ನನ್ನ ಇನ್ನೊಂದು ತಪ್ಪಾದರೆ?

"ಎದೆ ಅಂಬೋದು ಇದ್ದದಾ ನಿಮ್ಗೆ?" ಕಿರುಚಿದಳು. ಇಷ್ಟು ಜೋರಾಗಿ ಅವಳು ಎಂದೂ ಮಾತಾಡಿಲ್ಲ. ತಲೆ ಎತ್ತಲಿಲ್ಲ. ಕಣ್ಣೀರು ಬಿದ್ದು ಅಕ್ಷರ ಹರಡುತ್ತಿದೆ, ಆದರೂ ಬರೆಯುತ್ತೇನೆ.

ಬಂದಳು. ತೊಟ್ಟಿಲ ಆ ಕಡೆ ನಿಂತಿದ್ದಾಳೆ. ಅವಳ ಕಾಲು, ಇಳಿಬಿದ್ದ ಸೆರಗು ಮಾತ್ರ ಕಾಣುತ್ತದೆ. ನೆಲದ ಮೇಲೆ ಹಾಲು ತೊಟ್ಟಿಕ್ಕಿದೆ, ಎದೆಯಿಂದ. ಕೈ ಸೆರಗಿನೊಳಗೇ. "ಸತ್ತೋಯ್ತದೆ ಕಣಿ, ಎತ್ತಿ, ನಿಮ್ ಕಾಲ್ಗೆ ಬೀಳ್ತೀನಿ" ಅನ್ನುತ್ತಿದ್ದಾಳೆ. ಎತ್ತುವುದಿಲ್ಲ. ನೀನೇ ಎತ್ತು. ಎತ್ತೇ ಮಲ್ಲಾಜಿ. ನಾನು ನೋಡುವುದಿಲ್ಲ, ಬರೆಯುತ್ತಲೇ ಇರುತ್ತೇನೆ, ನೀನು ಎತ್ತು, ಸೆರಗು ಅಲ್ಲಾಡಿತು, ಒಂದು ಕೈ ಹೊರಗೆ ಬಂತು, ತೊಟ್ಟಿಲೊಳಗೆ ಇಳಿಯಿತು —